ಕಚ್ಚಿದ ಜಾಗಕ್ಕೆ ಕರೆ: ಉರಿಯೂತದ ರಾಸಾಯನಿಕ ಸುಳಿವುಗಳು ಮತ್ತು ಗರಗಸ ಮಂಡಲದ ವಿಷ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಮಟ್ಟೆಯ ರಾಶಿ, ಒಣಗಿದ ಗರಿ, ಕಲ್ಲಿನ ಬದು ಇದ್ದೇ ಇರುತ್ತವೆ. ಇಲಿ ಸೇರುವ ಕಡೆ ಹಾವೂ ಸೇರುತ್ತದೆ. ಗರಗಸ ಮಂಡಲ ಕಚ್ಚಿದವರಲ್ಲಿ ಕೆಲವರಿಗೆ ಜೀವ ಉಳಿದರೂ ಕಚ್ಚಿದ ಜಾಗದ ಮಾಂಸ ಕೊಳೆಯುತ್ತಾ ಹೋಗುತ್ತದೆ, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗುತ್ತದೆ. ಇದು ಬರೀ ವಿಷದ ಕೆಲಸವೇ? ಅಲ್ಲಿಗೆ ಓಡಿಬರುವ ನಮ್ಮದೇ ಬಿಳಿ ರಕ್ತಕಣಗಳ ಪಾಲೂ ಇದೆಯೇ? ಈ ಪ್ರಶ್ನೆಯ ಹಿಂದೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ.

ಅದರ ಒಂದು ತುದಿಯಲ್ಲಿ ಇರುವವನೂ ರೈತನೇ. ಓಟ್ಸ್ ಒಕ್ಕುವಾಗ ಹೊಟ್ಟು ತಗುಲಿ ಕಣ್ಣು ಕೆಟ್ಟಿದ್ದ ಒಬ್ಬ ಜರ್ಮನ್ ರೈತನನ್ನು ನೇತ್ರವೈದ್ಯ ಥಿಯೋಡೋರ್ ಲೆಬರ್ ಪರೀಕ್ಷಿಸಿದರು. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಬೂಷ್ಟು ಬೆಳೆದಿತ್ತು. 1879ರಲ್ಲಿ ಅದನ್ನು ಪ್ರಕಟಿಸಿದ ಲೆಬರ್ ಮುಂದೆ ಮೊಲದ ಕಣ್ಣಿನಲ್ಲಿ ಪ್ರಯೋಗ ನಡೆಸಿದರು. ಆ ಪೊರೆಯಲ್ಲಿ ರಕ್ತನಾಳಗಳಿಲ್ಲ. ಆದರೂ ಬಿಳಿ ಕಣಗಳು ಅಂಚಿನಿಂದ ಹೊರಟು ಬೂಷ್ಟು ಇದ್ದ ಕಡೆಗೇ ಸಾಗುತ್ತಿದ್ದವು. ರಕ್ತದ ಹರಿವು ಅವನ್ನು ಅಲ್ಲಿಗೆ ಒಯ್ದಿರಲು ಸಾಧ್ಯವಿರಲಿಲ್ಲ. ಯಾವುದೋ ರಾಸಾಯನಿಕ ವಸ್ತು ಅವನ್ನು ಸೆಳೆಯುತ್ತಿದೆ ಎಂದು 1888ರಲ್ಲಿ ಅವರು ವಾದಿಸಿದರು. ಅದೇ ಕಾಲದ ವಿಜ್ಞಾನಿ ಮೆಚ್ನಿಕಾಫ್ ಗುರುತಿಸಿದ, ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳಿಗೆ ಸಿಕ್ಕಷ್ಟು ಹೆಸರು ಲೆಬರ್ ಅವರ ಈ ಕೆಲಸಕ್ಕೆ ಸಿಗಲಿಲ್ಲ, ಅದು ಅನ್ಯಾಯವೇ ಸರಿ.

ಆ ವಸ್ತುಗಳು ಯಾವುವೆಂದು ತಿಳಿಯಲು ಬಹುಕಾಲ ಹಿಡಿಯಿತು. 1962ರಲ್ಲಿ ಸ್ಟೀಫನ್ ಬಾಯ್ಡನ್ ಸೂಕ್ಷ್ಮ ರಂಧ್ರಗಳ ಶೋಧಕವನ್ನು ನಡುವೆ ಇಟ್ಟು, ಮೇಲೆ ಕಣಗಳನ್ನೂ ಕೆಳಗೆ ಪರೀಕ್ಷಿಸಬೇಕಾದ ದ್ರವವನ್ನೂ ಹಾಕಿ, ಎಷ್ಟು ಕಣಗಳು ನುಸುಳಿ ಬಂದವೆಂದು ಎಣಿಸುವ ವಿಧಾನ ಕೊಟ್ಟರು. ಅಲ್ಲಿಂದ ಮುಂದೆ ರಕ್ತದ ರಕ್ಷಣಾ ಪ್ರೋಟೀನುಗಳ ಗುಂಪಾದ ಪೂರಕ ವ್ಯವಸ್ಥೆಯ ಸಿ5ಎ, ಬ್ಯಾಕ್ಟೀರಿಯಾದ ಪೆಪ್ಟೈಡುಗಳು, 1987ರಲ್ಲಿ ನಮ್ಮ ಕೋಶಗಳೇ ಸ್ರವಿಸುವ ಇಂಟರ್‌ಲ್ಯೂಕಿನ್-8 ಒಂದೊಂದಾಗಿ ಪತ್ತೆಯಾದವು. ಕಣದ ಮುಂಭಾಗಕ್ಕೂ ಹಿಂಭಾಗಕ್ಕೂ ತಗಲುವ ಸುಳಿವಿನಲ್ಲಿ ಶೇಕಡ ಒಂದೆರಡರಷ್ಟು ವ್ಯತ್ಯಾಸವಿದ್ದರೂ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ರಕ್ತಕಣ ದಿಕ್ಕು ಹಿಡಿಯಬಲ್ಲದು.

ಹೀಗೆ ಬಂದು ಸೇರಿದ ಕಣ ಏನು ಮಾಡುತ್ತದೆ? 2004ರಲ್ಲಿ ಬರ್ಲಿನ್ನಿನ ಆರ್ಟುರೊ ಝಿಚ್ಲಿನ್ಸ್ಕಿ ಅವರ ತಂಡ ಹೊಸದೊಂದನ್ನು ಕಂಡಿತು: ನ್ಯೂಟ್ರೋಫಿಲ್ ತನ್ನ ಡಿಎನ್ಎಯನ್ನೇ ಹೊರಚೆಲ್ಲಿ, ಬಲೆಯಂತೆ ಹರಡಿ, ರೋಗಾಣುಗಳನ್ನು ಹಿಡಿಯುತ್ತದೆ.

ಕರ್ನಾಟಕದ ಕೊಡುಗೆ ಇರುವುದು ಇಲ್ಲೇ. ಮೈಸೂರು ವಿಶ್ವವಿದ್ಯಾಲಯದ ಕೆ. ಕೆಂಪರಾಜು ಮತ್ತು ತುಮಕೂರು ವಿಶ್ವವಿದ್ಯಾಲಯದ ಕೆ.ಎಸ್. ಗಿರೀಶ್ ಮೊದಲಿನಿಂದಲೂ ಹಾವಿನ ವಿಷದ ಹಯಲುರಾನಿಡೇಸ್ ಕಿಣ್ವದ ಮೇಲೆ ಕೆಲಸ ಮಾಡಿದವರು. ಕೋಶಗಳ ನಡುವಿನ ಅಂಟನ್ನು ಕರಗಿಸಿ ವಿಷಕ್ಕೆ ದಾರಿ ಬಿಡಿಸುವ ಕಿಣ್ವ ಅದು. 2016ರಲ್ಲಿ ಅವರ ತಂಡ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಗರಗಸ ಮಂಡಲದ ವಿಷದ ಬಗ್ಗೆ ಬರೆಯಿತು. ವಿಷ ಹೊಕ್ಕ ಕಡೆ ನ್ಯೂಟ್ರೋಫಿಲ್‌ಗಳು ಜಮಾಯಿಸಿ ಬಲೆ ಚೆಲ್ಲುತ್ತವೆ. ಆ ಬಲೆ ರಕ್ತನಾಳಗಳನ್ನು ಮುಚ್ಚಿ, ವಿಷವನ್ನು ಅಲ್ಲಿಯೇ ಕೂಡಿಹಾಕುತ್ತದೆ. ಕೂಡಿಬಿದ್ದ ವಿಷ ಮಾಂಸವನ್ನು ತಿನ್ನುತ್ತದೆ. ಬಲೆಯನ್ನು ಕತ್ತರಿಸುವ ಡಿಎನ್ಏಸ್ ಕಿಣ್ವದ ಚಟುವಟಿಕೆ ಈ ವಿಷದಲ್ಲಿ ಇಲ್ಲ. ನ್ಯೂಟ್ರೋಫಿಲ್ ಕಡಿಮೆ ಮಾಡಿದ ಇಲಿಗಳ ಬಾಲಕ್ಕೆ ವಿಷ ಚುಚ್ಚಿದಾಗ ಬಾಲ ಕೊಳೆಯಲಿಲ್ಲ. ವಿಷ ಚುಚ್ಚಿದ ಮೇಲೆ ಡಿಎನ್ಏಸ್ ಕೊಟ್ಟಾಗಲೂ ಬಾಲ ಉಳಿಯಿತು.

ಕಣವನ್ನು ಕರೆಯುವ ಸುಳಿವು ಯಾವುದು ಎಂಬಲ್ಲಿಂದ ಬಂದ ಕಣ ಏನು ಮಾಡುತ್ತದೆ ಎಂಬಲ್ಲಿಗೆ ಪ್ರಶ್ನೆಯನ್ನು ಒಯ್ದದ್ದೇ ಈ ಅಧ್ಯಯನದ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ. ಪ್ರತಿವಿಷದ ಚುಚ್ಚುಮದ್ದು ರಕ್ತದಲ್ಲಿ ಹರಿಯುವ ವಿಷವನ್ನು ಹಿಡಿದೀತು, ಮುಚ್ಚಿಹೋದ ನಾಳಗಳಾಚೆಯ ವಿಷವನ್ನು ತಲುಪುವುದು ಕಷ್ಟ. ಆದರೆ ಇಲಿಯ ಬಾಲದ ಪ್ರಯೋಗವೇ ಮನುಷ್ಯರ ಚಿಕಿತ್ಸೆಯಲ್ಲ. ಹಾವು ಕಚ್ಚಿದವರಿಗೆ ಇವತ್ತಿಗೂ ಪ್ರತಿವಿಷವೇ ಮದ್ದು. ಹಗ್ಗ ಬಿಗಿದು, ಗಾಯ ಕೊಯ್ದು ಹೊತ್ತು ಕಳೆದರೆ ಕಾಲು ಇನ್ನಷ್ಟು ಕೆಡುತ್ತದೆ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಆ ವರದಿಯಲ್ಲಿ ಬದುಕಿದವರ, ಸತ್ತವರ ಲೆಕ್ಕದ ಜೊತೆಗೆ ಕಚ್ಚಿದ ಜಾಗ ಏನಾಯಿತು, ಬೆರಳು ಉಳಿಯಿತೇ ಎಂಬುದನ್ನೂ ನಮ್ಮ ತಾಲ್ಲೂಕು ಆಸ್ಪತ್ರೆಗಳ ವೈದ್ಯರು ಬರೆದಿಡಬೇಕು.