ಬಂಜರು ಭೂಮಿ ಮತ್ತು ಸುಲ್ತಾನನ ಎಪ್ಪತ್ತು ಲಕ್ಷ

ಸರಕಾರವೊಂದು ಅವಸರದ ಆದೇಶ ಹೊರಡಿಸಿದರೆ ಅದನ್ನು ‘ತುಘಲಕ್ ದರ್ಬಾರು’ ಎಂದು ಹೀಗಳೆಯುವುದು ನಮ್ಮಲ್ಲಿ ರೂಢಿ. ರಾಜಧಾನಿಯ ವರ್ಗಾವಣೆ, ತಾಮ್ರದ ನಾಣ್ಯಗಳ ಕಥೆ ಎಲ್ಲರಿಗೂ ಗೊತ್ತು. ಆದರೆ ಮುಹಮ್ಮದ್ ಬಿನ್ ತುಘಲಕ್‌ನ ಆಳ್ವಿಕೆಯ (1325-1351) ಇನ್ನೊಂದು ಪ್ರಕರಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಪಾಠವಿರುವುದು ಅದರಲ್ಲೇ.

ಗಂಗಾ-ಯಮುನೆಗಳ ನಡುವಿನ ದೋಆಬ್ ಪ್ರದೇಶದಲ್ಲಿ ಸುಲ್ತಾನ ಕಂದಾಯ ಏರಿಸಿದ. ಅದರ ಬೆನ್ನಿಗೇ ಕ್ಷಾಮ ಬಂತು. ರೈತರು ಊರು ಬಿಟ್ಟರು. ತಪ್ಪಿನ ಅರಿವಾದಾಗ ಸುಲ್ತಾನ ಕೈಕಟ್ಟಿ ಕೂರಲಿಲ್ಲ. ಬಾವಿ ತೋಡಿಸಲು, ಬಿತ್ತನೆ ಮಾಡಲು ಸಾಲ ಕೊಟ್ಟ. ಬಳಿಕ ಕೃಷಿಗೆಂದೇ ‘ದೀವಾನೆ ಕೋಹಿ’ ಎಂಬ ಪ್ರತ್ಯೇಕ ಇಲಾಖೆ ಸ್ಥಾಪಿಸಿದ. ಒಂದು ಗೇಣು ಭೂಮಿಯೂ ಪಾಳು ಬೀಳಬಾರದು, ಜವೆಯ ಬದಲು ಗೋಧಿ, ಗೋಧಿಯ ಬದಲು ಕಬ್ಬು, ಕಬ್ಬಿನ ಬದಲು ದ್ರಾಕ್ಷಿ ಬೆಳೆಯಬೇಕೆಂಬುದು ಅದರ ಗುರಿ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಬೇಕೇ?

ಸುಲ್ತಾನನ ಆಸ್ಥಾನದಲ್ಲಿ ಹದಿನೇಳು ವರ್ಷ ಕಳೆದ ಇತಿಹಾಸಕಾರ ಝಿಯಾವುದ್ದೀನ್ ಬರನಿ ಮುಂದಿನದ್ದನ್ನು ದಾಖಲಿಸಿದ್ದಾನೆ. ಸುಮಾರು ನೂರು ಮಂದಿ ಅಧಿಕಾರಿಗಳು ನೇಮಕಗೊಂಡರು. ಮೂರು ವರ್ಷಗಳಲ್ಲಿ ಲಕ್ಷ ಬಿಘಾ ಬಂಜರು ಭೂಮಿ ಹಸನು ಮಾಡುತ್ತೇವೆಂದು ಕೆಲವರು ಮಾತು ಕೊಟ್ಟರು. ಅವರಲ್ಲಿ ಅನೇಕರು ದುರಾಸೆಯವರು, ಸ್ವಂತ ಖರ್ಚಿಗೇ ಪರದಾಡುತ್ತಿದ್ದವರು. ಎರಡು ವರ್ಷಗಳಲ್ಲಿ ಖಜಾನೆಯಿಂದ ಎಪ್ಪತ್ತು ಲಕ್ಷಕ್ಕೂ ಮಿಕ್ಕಿ ಟಂಕಾ ಹೊರಹೋಯಿತು. ಆದದ್ದು ಹೇಳಿದ್ದರ ನೂರರಲ್ಲಿ ಒಂದು ಪಾಲೂ ಅಲ್ಲ.

ಇಲ್ಲಿ ಕೆಲಸವೇ ನಡೆಯಲಿಲ್ಲ ಎನ್ನುವಂತಿಲ್ಲ. ಇಲಾಖೆ ಇತ್ತು, ಅಧಿಕಾರಿಗಳಿದ್ದರು, ಹಣ ಬಿಡುಗಡೆಯಾಗಿತ್ತು. ಇಲ್ಲದಿದ್ದುದು ಬೆಳೆ ಮಾತ್ರ! ಯಾರು ಭೂಮಿ ಬಲ್ಲವರು ಎಂದು ನೋಡದೆ ಯಾರು ದೊಡ್ಡ ಭರವಸೆ ಕೊಡುತ್ತಾರೆಂದು ನೋಡಿದ್ದೇ ಮೊದಲ ತಪ್ಪು. ಹೊಲದ ಸುದ್ದಿ ಅರಮನೆಗೆ ಮುಟ್ಟದಿದ್ದದ್ದು ಎರಡನೆಯದು. ಅಷ್ಟರಲ್ಲಿ ಸುಲ್ತಾನ ದಂಗೆಗಳ ಬೆನ್ನು ಹತ್ತಿದ್ದ. 1347ರಲ್ಲಿ ದಖ್ಖನ್ ಕೈತಪ್ಪಿ ಬಹಮನಿ ರಾಜ್ಯ ಹುಟ್ಟಿತು. ನಮ್ಮ ಕಲಬುರಗಿ ಅದರ ರಾಜಧಾನಿಯಾಯಿತು. 1351ರಲ್ಲಿ ಥಟ್ಟಾದ ಬಳಿ ಸುಲ್ತಾನ ತೀರಿಕೊಂಡ. ಆತ ಬದುಕಿ ಮರಳಿದ್ದರೆ ಆ ಅಧಿಕಾರಿಗಳಲ್ಲಿ ಒಬ್ಬನೂ ಉಳಿಯುತ್ತಿರಲಿಲ್ಲ ಎನ್ನುತ್ತಾನೆ ಬರನಿ.

ಆದರೆ ಬರನಿಯದ್ದೇ ಇನ್ನೊಂದು ತಪ್ಪೊಪ್ಪಿಗೆಯಿದೆ. ಸುಲ್ತಾನನ ಅತಿಯಾದ ಶಿಕ್ಷೆಗಳೇ ದಂಗೆಗಳಿಗೆ ಕಾರಣವೆಂದು ಆತನ ಮುಖಕ್ಕೇ ಹೇಳಬೇಕೆನಿಸಿತ್ತು, ಭಯದಿಂದ ಹೇಳಲಾಗಲಿಲ್ಲ ಎಂದು ಆತ ಬರೆದಿದ್ದಾನೆ. ವಿದ್ವಾಂಸನೊಬ್ಬ ಬಾಯಿ ಮುಚ್ಚಿದಲ್ಲಿ ಸಾಮಾನ್ಯ ಅಧಿಕಾರಿ ‘ಬೆಳೆ ಬಂದಿಲ್ಲ’ ಎಂದಾನೆಯೇ?

2016ರ ನೋಟು ರದ್ದತಿಯನ್ನು ಕಪ್ಪುಹಣದ ವಿರುದ್ಧದ ದಿಟ್ಟ ಹೆಜ್ಜೆ ಎನ್ನಲಾಯಿತು. ರದ್ದಾದ ನೋಟುಗಳಲ್ಲಿ ಶೇ. 99.3 ಬ್ಯಾಂಕಿಗೆ ಮರಳಿತೆಂದು 2018ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು. ದಿಟ್ಟತನವನ್ನು ಹೊಗಳಿದವರು ಫಲಿತಾಂಶದ ಲೆಕ್ಕ ಕೇಳಲಿಲ್ಲ.

ಅಧಿಕಾರ ಒಂದು ಅಮಾನತ್. ಅಮಾನತ್ ಪಡೆದವನನ್ನು ‘ಎಷ್ಟು ಖರ್ಚು ಮಾಡಿದೆ?’ ಎಂದು ಕೇಳಿದರೆ ಸಾಲದು. ‘ಯಾರ ಹೊಲದಲ್ಲಿ ಏನು ಬೆಳೆಯಿತು?’ ಎಂದೂ ಕೇಳಬೇಕು. ಹಾಗೆ ಕೇಳುವವರನ್ನು ಹೆದರಿಸದಿರುವುದೇ ಒಳ್ಳೆಯ ಆಡಳಿತದ ಮೊದಲ ಲಕ್ಷಣ.