ಪಾತ್ರೆಯ ಮೇಲಿನ ಹೆಸರು: ಹೈದರಾಬಾದಿನ ಹಳೆಯ ಸಾಮಾನಿನ ವ್ಯಾಪಾರ ಮತ್ತು ಕನ್ನಡ ಮನೆತನಗಳು

ಹೈದರಾಬಾದು ಸಂಸ್ಥಾನದ ಕನ್ನಡಿಗರ ಚರಿತ್ರೆಯನ್ನು ಬರೆದವರು ಇದುವರೆಗೆ ಮುಖ್ಯವಾಗಿ ಶಾಸನಗಳನ್ನು, ನಿಜಾಮ ಸರಕಾರದ ದಫ್ತರಗಳನ್ನು ಹಾಗೂ ೧೯೪೭-೪೮ರ ಹೋರಾಟದಲ್ಲಿ ಪಾಲ್ಗೊಂಡವರ ನೆನಪಿನ ಬರಹಗಳನ್ನು ಆಧರಿಸಿದ್ದಾರೆ. ಈ ಮೂರರಲ್ಲಿಯೂ ಮನೆಯ ಒಳಗಣ ಬದುಕಿಗೆ ದೊರೆತಿರುವ ಸ್ಥಳ ಅತ್ಯಲ್ಪ. ಅರಸ, ಜಾಗೀರುದಾರ, ಮಠ, ಪರಿಷತ್ತು, ಸೆರೆಮನೆ ಇವೆಲ್ಲ ಅಲ್ಲಿ ಕಾಣುತ್ತವೆ. ಅಡುಗೆಮನೆ, ಬಚ್ಚಲುಮನೆ, ಉಗ್ರಾಣಗಳು ಕಾಣುವುದಿಲ್ಲ. ಆದರೆ ಆ ಅಡುಗೆಮನೆಗಳ ಸಾಮಗ್ರಿ ಪೂರ್ಣವಾಗಿ ನಾಶವಾಗಿಲ್ಲ. ಅದು ಹೈದರಾಬಾದಿನ ಸಂತೆಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಇಂದಿಗೂ ಕೈಯಿಂದ ಕೈಗೆ ಸಾಗುತ್ತಿದೆ. ಈ ವ್ಯಾಪಾರವನ್ನು ಇತಿಹಾಸದ ಆಕರವಾಗಿ ನೋಡಬಹುದೆಂಬುದನ್ನೂ, ನೋಡುವುದಾದರೆ ಯಾವ ಎಚ್ಚರ ಬೇಕೆಂಬುದನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸುತ್ತೇವೆ.

ನಮ್ಮ ವಿವೇಚನೆಗೆ ನೆಲೆಯಾಗಿ ನಾಚಾರವನ್ನು ಆರಿಸಿಕೊಂಡಿದ್ದೇವೆ. ಹಳೆಯ ಹೈದರಾಬಾದಿನ ವೈಭವದೊಂದಿಗೆ ಈ ಊರಿಗೆ ನಂಟಿಲ್ಲ. ನಗರದ ಪೂರ್ವಕ್ಕೆ, ಹಬ್ಸಿಗುಡ, ಮಲ್ಲಾಪುರ, ಉಪ್ಪಲ್‌ಗಳ ನೆರೆಯಲ್ಲಿರುವ ಇದು ಕೈಗಾರಿಕಾ ವಸಾಹತಿನಿಂದ ಹೆಸರಾದ ಪ್ರದೇಶ. ೨೦೧೬ರಿಂದ ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಗೆ ಸೇರಿದೆ. ಇಲ್ಲಿಯ ಎಚ್.ಎಂ.ಟಿ. ನಗರ ಎಂಬ ಬಡಾವಣೆಯ ಹೆಸರು ೧೯೫೩ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಖಾನೆಯನ್ನು ನೆನಪಿಗೆ ತರುತ್ತದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಸುತ್ತ ಬೆಳೆದ ಕನ್ನಡ ಬದುಕಿನಂತಹುದು ನಾಚಾರದಲ್ಲಿ ಕಾಣದು. ಹಾಗಿದ್ದೂ ಇದನ್ನೇ ಆರಿಸಲು ಕಾರಣವುಂಟು. ಮನೆಯಿಂದ ಹೊರಬಿದ್ದ ಪಾತ್ರೆ ಮೊದಲು ಸೇರುವುದು ಚಾರ್ಮಿನಾರಿನ ಬಳಿಯ ಪುರಾತನ ವಸ್ತುಗಳ ಅಂಗಡಿಯನ್ನಲ್ಲ. ಇಂತಹ ಹೊರವಲಯದ ಗುಜರಿಯನ್ನು. ಅಲ್ಲಿ ಅದರ ಹಣೆಬರಹ ತೀರ್ಮಾನವಾಗುತ್ತದೆ. ತಕ್ಕಡಿಗೆ ಬಿದ್ದರೆ ಕುಲುಮೆಗೆ ಹೋಗುತ್ತದೆ. ಯಾರಾದರೂ ಎತ್ತಿಟ್ಟರೆ ಮುಂದಿನ ಸಂತೆಗೆ ಹೋಗುತ್ತದೆ.

ಪಾತ ಇನುಪ ಸಾಮಾನ್ಲು ಎಂದು ಕೂಗುತ್ತ ಬೀದಿ ತಿರುಗುವ ಗಾಡಿಯವನನ್ನು ಹೈದರಾಬಾದಿನಲ್ಲಿ ಕೆಲಕಾಲವಾದರೂ ವಾಸಿಸಿದವರು ಬಲ್ಲರು. ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸರೂ ಹೊಸಬರಲ್ಲ. ಇವರಿಂದ ಸಾಮಾನು ಬಡಾವಣೆಯ ಗುಜರಿ ಅಂಗಡಿಗೆ ಸೇರುತ್ತದೆ. ಅಲ್ಲಿ ಕಬ್ಬಿಣ, ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಎಂದು ವಿಂಗಡಣೆಯಾಗುತ್ತದೆ. ಹಿತ್ತಾಳೆಯ ರಾಶಿಯಲ್ಲಿ ಆಕಾರ ಕೆಡದ ಪಾತ್ರೆಗಳನ್ನು ಬೇರೆ ಮಾಡಿ ಕೊಳ್ಳುವವರು ಉಂಟು. ಅವರ ಕೈಯಿಂದ ಅವು ಪುರಾನಾಪೂಲಿನ ಸಮೀಪದಲ್ಲಿ ಗುರುವಾರ ಸೇರುವ ಜುಮೇರಾತ್ ಬಜಾರಿಗೋ, ಹಳೆಯ ನಗರದ ವ್ಯಾಪಾರಿಗಳಿಗೋ ತಲುಪುತ್ತವೆ. ಕೊನೆಗೆ ಉಪಾಹಾರ ಗೃಹದ ಅಲಂಕಾರಕ್ಕೆ, ಸಿನಿಮಾ ಸೆಟ್ಟಿಗೆ, ಹೊಸ ಮನೆಯ ಹಜಾರದ ಮೂಲೆಗೆ ಸಲ್ಲುತ್ತವೆ. ನೀರು ಕಾಯಿಸಿದ ಹಂಡೆಯಲ್ಲಿ ಈಗ ಗಿಡ ಬೆಳೆಯುತ್ತದೆ. ಇದರಲ್ಲಿ ಹಳಹಳಿಸಬೇಕಾದದ್ದು ಹೆಚ್ಚೇನೂ ಇಲ್ಲ. ಕುಲುಮೆಗಿಂತ ಗಿಡ ಮೇಲು.

ಈ ಸಾಮಾನು ಮನೆ ಬಿಟ್ಟದ್ದು ಒಮ್ಮೆಲೇ ಅಲ್ಲ. ಮೊದಲನೆಯ ದೊಡ್ಡ ಅಲೆ ೧೯೪೮-೪೯ರದು. ೧೯೪೮ರ ಸೆಪ್ಟೆಂಬರ್ ೧೩ರಿಂದ ೧೭ರವರೆಗೆ ನಡೆದ ಪೋಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮನ ಆಳ್ವಿಕೆ ಮುಗಿಯಿತು. ೧೯೪೯ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು. ಜಾಗೀರಿನ ಉತ್ಪನ್ನವನ್ನೇ ನಂಬಿದ್ದ ದೇವಡಿಗಳಲ್ಲಿ ಆಳುಕಾಳುಗಳನ್ನು ಇಟ್ಟುಕೊಳ್ಳುವ ಶಕ್ತಿ ಉಳಿಯಲಿಲ್ಲ. ಆಳುಗಳೊಡನೆ ಅವರು ಬೆಳಗುತ್ತಿದ್ದ ಪಾತ್ರೆಗಳೂ ಹೊರಟವು. ಇದು ನಗರದ ಮಾತು. ಹಳ್ಳಿಗಳ ಮಾತು ಇನ್ನೂ ಕಠೋರ. ರಜಾಕಾರರ ದಾಳಿಗಳಲ್ಲಿ ಊರು ಬಿಟ್ಟು ಗಡಿ ದಾಟಿದ ಕುಟುಂಬಗಳು ಹೊತ್ತೊಯ್ದದ್ದು ಕಡಿಮೆ, ಬಿಟ್ಟುಹೋದದ್ದು ಹೆಚ್ಚು. ಕಾರ್ಯಾಚರಣೆಯ ತರುವಾಯ ನಡೆದ ಪ್ರತೀಕಾರದಲ್ಲಿ ಬೀದರ, ಗುಲ್ಬರ್ಗ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳ ಮುಸಲ್ಮಾನ ಮನೆಗಳು ಲೂಟಿಗೊಳಗಾದುದನ್ನು ಪಂಡಿತ ಸುಂದರಲಾಲ್ ಸಮಿತಿಯ ವರದಿ ದಾಖಲಿಸಿದೆ. ಆದ್ದರಿಂದ ಸಂತೆಯಲ್ಲಿ ಕಾಣುವ ಹಳೆಯ ಪಾತ್ರೆಯೆಲ್ಲ ಮನೆಯವರೇ ಮನಸಾರೆ ಮಾರಿದ್ದು ಎಂದು ತಿಳಿಯಲಾಗದು. ವ್ಯಾಪಾರದ ಸೊಗಸಿನಲ್ಲಿ ಈ ಸಂಗತಿ ಮರೆಯಾಗಬಾರದೆಂಬುದು ನಮ್ಮ ಅಭಿಮತ.

ಎರಡನೆಯ ಅಲೆ ಸದ್ದಿಲ್ಲದೆ ಬಂದಿತು. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ ೧೯೫೮ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಾಗ ಸೇರು, ಪಾವು, ಚಟಾಕುಗಳ ಹಿತ್ತಾಳೆಯ ಮಾನಗಳು ಅಂಗಡಿಯಲ್ಲಿ ಬಳಸಬಾರದ ವಸ್ತುಗಳಾದವು. ಮನೆಗಳಲ್ಲಿ ಅಕ್ಕಿ ಅಳೆಯಲು ಕೆಲವು ಉಳಿದವು, ಉಳಿದವು ಗುಜರಿ ಸೇರಿದವು. ಅನಂತರ ಸ್ಟೇನ್‌ಲೆಸ್ ಸ್ಟೀಲು ಬಂದಿತು. ಹಿತ್ತಾಳೆಯ ಪಾತ್ರೆಗೆ ಕಾಲಕಾಲಕ್ಕೆ ಕಲಾಯಿ ಬೇಕು, ಇಲ್ಲದಿದ್ದರೆ ಹುಳಿ ಪದಾರ್ಥ ಕಿಲುಬುತ್ತದೆ. ಸ್ಟೀಲಿಗೆ ಆ ತೊಡಕಿಲ್ಲ. ಗಿರಾಕಿ ಕಡಿಮೆಯಾದಂತೆ ಕಲಾಯಿಯವನು ಬರುವುದು ತಪ್ಪಿತು. ಅವನು ಬಾರದಿದ್ದುದರಿಂದ ಉಳಿದ ಹಿತ್ತಾಳೆಯೂ ಅಟ್ಟ ಸೇರಿತು. ಒಂದು ಕಸಬಿನ ಅಳಿವು ಇನ್ನೊಂದು ವ್ಯಾಪಾರದ ಸರಕಾಯಿತು. ಹಂಚಿನ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟುಗಳನ್ನು ಕಟ್ಟುವ ಕಾಲದಲ್ಲಿ ಅಟ್ಟವೂ ಇಲ್ಲವಾಗಿ, ಸಾಮಾನು ನೇರವಾಗಿ ಬೀದಿಗಿಳಿಯಿತು.

ಈ ರಾಶಿಯಲ್ಲಿ ಸಂಶೋಧಕರ ಕಣ್ಣಿಗೆ ಬೀಳಬೇಕಾದದ್ದು ಪಾತ್ರೆಯ ಅಂದಕ್ಕಿಂತ ಅದರ ಮೇಲಿನ ಅಕ್ಷರ. ಪಾತ್ರೆ ಕೊಂಡ ಅಂಗಡಿಯಲ್ಲಿಯೇ ಹೆಸರು ಹಾಕಿಸುವ ರೂಢಿ ನಮ್ಮ ಕಡೆ ಎಲ್ಲೆಡೆ ಉಂಟು. ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಬಡಿದು ಮೂಡಿಸಿದ ಈ ಅಕ್ಷರಗಳು ತಂಬಿಗೆಯ ಕೊರಳಲ್ಲಿ, ತಟ್ಟೆಯ ಅಂಚಿನಲ್ಲಿ, ಕೊಳಗದ ಭುಜದಲ್ಲಿ ಇರುತ್ತವೆ. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗಳಿಗೆ ನೆರೆಮನೆಯಿಂದ ಪಾತ್ರೆ ತರುವುದು ವಾಡಿಕೆಯಾಗಿದ್ದುದರಿಂದ ಹಿಂದಿರುಗಿಸುವಾಗ ಅದಲುಬದಲಾಗದಿರಲೆಂಬುದು ಇದರ ಮೊದಲ ಉದ್ದೇಶ. ಆದರೆ ಪರಿಣಾಮ ಅದಕ್ಕಿಂತ ದೊಡ್ಡದು. ಕೊಟ್ಟವರ ಹೆಸರು, ಪಡೆದವರ ಹೆಸರು, ಊರಿನ ಹೆಸರು, ಕೆಲವು ವೇಳೆ ವರ್ಷ, ಇಷ್ಟನ್ನು ಹೊತ್ತ ತಂಬಿಗೆಯೊಂದು ಕಿರಿದಾದ ದಾನಶಾಸನಕ್ಕೆ ಸಮ. ಬಳುವಳಿಯಾಗಿ ಬಂದ ಪಾತ್ರೆಗಳ ಮೇಲೆ ಹೆಣ್ಣುಮಕ್ಕಳ ಹೆಸರುಗಳಿರುತ್ತವೆ. ಜಮೀನಿನ ಪಹಣಿಯಲ್ಲಿ, ವತನದ ಕಾಗದಗಳಲ್ಲಿ, ಸಂಘಗಳ ಸದಸ್ಯರ ಪಟ್ಟಿಯಲ್ಲಿ ವಿರಳವಾಗಿ ಮಾತ್ರ ಕಾಣಿಸಿಕೊಳ್ಳುವ ಆ ಹೆಸರುಗಳು ಇಲ್ಲಿ ತಮ್ಮದೇ ಸೊತ್ತಿನ ಮೇಲೆ ತಾವೇ ನಿಂತಿವೆ. ಬೀದರದಿಂದ ಗುಲ್ಬರ್ಗಕ್ಕೆ, ರಾಯಚೂರಿನಿಂದ ಹೈದರಾಬಾದಿಗೆ ಕೊಟ್ಟು ತಂದ ಸಂಬಂಧಗಳ ನಕ್ಷೆಯನ್ನು ಇವುಗಳಿಂದಲೇ ಬಿಡಿಸಬಹುದು. ಅಂತಹ ನಕ್ಷೆಗೆ ಬೇರೆ ಆಕರಗಳಿಂದ ದೊರೆಯುವ ನೆರವು ಬಲು ಕಡಿಮೆ.

ಓದುವಾಗ ಎರಡು ಎಡರುಗಳನ್ನು ಗಮನಿಸಬೇಕು. ಮೊದಲನೆಯದು ಲಿಪಿ. ಸಂಸ್ಥಾನದ ಆಡಳಿತ ಭಾಷೆ ಉರ್ದು. ಕುಲಕರ್ಣಿಗಳ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿಯ ಬಳಕೆಯಿತ್ತು. ಶಾಲೆಯಲ್ಲಿ ಕನ್ನಡ ಕಲಿಯದ, ಮನೆಯಲ್ಲಿ ಕನ್ನಡವನ್ನೇ ಆಡುವ ಕುಟುಂಬದ ಪಾತ್ರೆಯ ಮೇಲೆ ಉರ್ದು ಅಕ್ಷರವಿದ್ದರೆ ಅಚ್ಚರಿಯಿಲ್ಲ. ಅಲ್ಲದೆ ಅಕ್ಷರ ಬಡಿದವನು ಅಂಗಡಿಯವನು, ಮನೆಯವನಲ್ಲ. ಆದುದರಿಂದ ಲಿಪಿಯನ್ನು ನೋಡಿ ಮನೆಮಾತನ್ನು ನಿರ್ಧರಿಸುವುದು ಅಪಾಯಕರ. ಹೊರ ರಾಜ್ಯಗಳ ವಿದ್ವಾಂಸರು ಈ ಪ್ರದೇಶದ ಸಾಮಗ್ರಿಯನ್ನು ಕೈಗೆತ್ತಿಕೊಂಡಾಗ ಲಿಪಿಯ ಪ್ರಕಾರ ಗುಂಪು ಮಾಡಿ ಭಾಷಿಕ ಸಮುದಾಯಗಳನ್ನು ಎಣಿಸಲು ಹೊರಟರೆ ಕನ್ನಡಿಗರು ಅರ್ಧಕ್ಕರ್ಧ ಕಣ್ಮರೆಯಾಗುವ ಸಂಭವವಿದೆ.

ಎರಡನೆಯದು ವರ್ಷ. ನಿಜಾಮ ಸಂಸ್ಥಾನದಲ್ಲಿ ಫಸಲಿ ಶಕೆ ನಡೆಯುತ್ತಿತ್ತು. ಫಸಲಿ ವರ್ಷಕ್ಕೆ ೫೯೦ ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ಬರುತ್ತದೆ. ಪಾತ್ರೆಯ ಮೇಲೆ ೧೩೪೫ ಎಂದಿದ್ದರೆ ಅದು ಫಸಲಿಯಲ್ಲಿ ೧೯೩೫-೩೬. ಹಿಜರಿ ಎಂದು ಭಾವಿಸಿದರೆ ೧೯೨೬-೨೭. ಶಾಲಿವಾಹನ ಶಕೆ ಎಂದರೆ ೧೪೨೩ಕ್ಕೆ ಹೋಗುತ್ತದೆ. ಒಂದೇ ಅಂಕಿ ಅಜ್ಜಿಯ ಮದುವೆಯ ತಂಬಿಗೆಯನ್ನು ಫಿರೋಜಶಾಹ ಬಹಮನಿಯ ಕೊನೆಯ ದಿನಗಳ ಆಸುಪಾಸಿಗೆ ಒಯ್ದು ನಿಲ್ಲಿಸಬಲ್ಲದು. ಮಾರುವವನಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಕೊಳ್ಳುವ ಸಂಗ್ರಾಹಕನಿಗೂ ಹಳೆಯದೆಂಬ ಸಂತೋಷ ದೊರೆಯುತ್ತದೆ. ಮೋಸಹೋಗುವುದು ಚರಿತ್ರೆ ಮಾತ್ರ.

ಇನ್ನು ಸಂಗ್ರಾಹಕರ ವಿಚಾರ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲೀ ಖಾನ್ (೧೮೮೯-೧೯೪೯) ಸಂಗ್ರಹಿಸಿದ ವಸ್ತುಗಳು ೧೯೫೧ರಲ್ಲಿ ದಿವಾನ್ ದೇವಡಿಯಲ್ಲಿಯೇ ಸಂಗ್ರಹಾಲಯವಾಗಿ ತೆರೆದುಕೊಂಡು ೧೯೬೮ರಲ್ಲಿ ಈಗಿನ ಕಟ್ಟಡಕ್ಕೆ ಬಂದವು. ಜಗದೀಶ ಮಿತ್ತಲ್ ಮತ್ತು ಕಮಲಾ ಮಿತ್ತಲ್ ದಂಪತಿಗಳು ಹೈದರಾಬಾದಿನಲ್ಲಿ ನೆಲಸಿ ಕಟ್ಟಿದ ಸಂಗ್ರಹದಲ್ಲಿ ಬೀದರದ ಕುಸುರಿ ಕೆಲಸಕ್ಕೆ ವಿಶೇಷ ಸ್ಥಾನವಿದೆ. ಬಿದರಿಯ ಹುಕ್ಕಾ ಬುಡ, ಪಾನ್‌ದಾನ್, ಸುರಾಹಿ, ಚಿಲಮಚಿಗಳೂ ಮೂಲತಃ ಮನೆಬಳಕೆಯ ವಸ್ತುಗಳೇ. ಇವು ಉಳಿದುದಕ್ಕೆ ಕಲೆಯ ಜೊತೆಗೆ ಲೋಹವೂ ಕಾರಣವೆಂದು ನಮಗೆ ತೋರುತ್ತದೆ. ಬಿದರಿಯ ಮೈ ಬಹುಪಾಲು ಸತು, ಅದರಲ್ಲಿ ತಾಮ್ರ ಅಲ್ಪ. ಕರಗಿಸಿದರೆ ಬರುವ ಬೆಲೆ ಹೇಳಿಕೊಳ್ಳುವಂತಹುದಲ್ಲ. ಹಿತ್ತಾಳೆ, ತಾಮ್ರಗಳ ಸ್ಥಿತಿ ಹಾಗಲ್ಲ. ಅವುಗಳಿಗೆ ಯಾವಾಗಲೂ ಕುಲುಮೆಯ ಬೆಲೆಯುಂಟು. ಅಂತೂ ದೇವಡಿಯ ಪಾನ್‌ದಾನ್ ಗಾಜಿನ ಕಪಾಟಿಗೆ ಹೋಯಿತು, ರೈತನ ಮನೆಯ ಕೊಳಗ ಕರಗಿತು. ೨೦೦೬ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿತು. ಕೊಳಗಕ್ಕೆ ಗುರುತು ಎಂದರೆ ಅದರ ಮೇಲಿನ ಹೆಸರಷ್ಟೇ.

ಕಾನೂನು ಈ ವ್ಯಾಪಾರದ ಮೇಲೆ ವಿಚಿತ್ರವಾದ ಪರಿಣಾಮ ಬೀರಿದೆ. ೧೯೭೨ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕರಕುಶಲ ವಸ್ತು ಪುರಾತನವೆನಿಸಬಹುದು. ಅದನ್ನು ಮಾರುವ ಉದ್ಯಮಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಉದ್ದೇಶ ಒಳ್ಳೆಯದು. ಆದರೆ ಸಂತೆಯ ವ್ಯಾಪಾರಿಗೆ ಇದರ ಅರ್ಥವೇನು? ಗಿರಾಕಿಗೆ ವಸ್ತು ತೀರ ಹಳೆಯದೆನ್ನಬೇಕು, ಅಧಿಕಾರಿಗೆ ಅಷ್ಟೇನೂ ಹಳೆಯದಲ್ಲವೆನ್ನಬೇಕು. ಬಾಯಿಮಾತಿನಲ್ಲಿ ಎರಡನ್ನೂ ಹೇಳಬಹುದು, ಕೆತ್ತಿದ ವರ್ಷ ಒಂದನ್ನೇ ಹೇಳುತ್ತದೆ. ಹೀಗಾಗಿ ವರ್ಷವನ್ನು ಉಳಿಸಲು ಅವನಿಗೆ ಪ್ರೇರಣೆಯಿಲ್ಲ. ಹೆಸರಿನ ಪಾಡೂ ಇದೇ. ಬೇರೆಯವರ ಮನೆಯ ಹೆಸರಿರುವ ಪಾತ್ರೆಯನ್ನು ಹಜಾರದಲ್ಲಿಡಲು ಕೊಳ್ಳುವವರು ಹಿಂಜರಿಯುತ್ತಾರೆ. ಯಂತ್ರದಲ್ಲಿ ಉಜ್ಜಿ ಹೊಳಪು ಕೊಟ್ಟರೆ ಆಳವಿಲ್ಲದ ಚುಕ್ಕಿ ಅಕ್ಷರ ಹೋಗಿಬಿಡುತ್ತದೆ. ಗುಜರಿಯವನ ತಕ್ಕಡಿ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲಂಕಾರದ ವ್ಯಾಪಾರ ಅದನ್ನು ಕಲೆಯೆಂದು ತಿಳಿಯುತ್ತದೆ. ಇವರನ್ನು ದೂರುವುದು ನ್ಯಾಯವಲ್ಲ. ಹೆಸರಿಗೆ ಬೆಲೆಯುಂಟೆಂದು ಅವರಿಗೆ ಯಾರೂ ಹೇಳಿಲ್ಲ, ಆ ಬೆಲೆಯನ್ನು ಯಾರೂ ಕೊಟ್ಟೂ ಇಲ್ಲ.

ವಸ್ತುವಿನೊಡನೆ ಹೆಸರು ಮಾತ್ರವಲ್ಲ, ಪದವೂ ಜಾರುತ್ತದೆ. ಗಂಗಾಳವೆಂದರೆ ಉತ್ತರ ಕರ್ನಾಟಕದಲ್ಲಿ ಉಣ್ಣುವ ತಟ್ಟೆ. ತೆಲುಗಿನ ಗಂಗಾಳವೆಂದರೆ ನೀರು ತುಂಬುವ ಅಗಲ ಬಾಯಿಯ ದೊಡ್ಡ ಪಾತ್ರೆ. ಕಲಬುರಗಿಯಿಂದ ಬಂದ ಮುದುಕಿಯೊಬ್ಬಳು ನಾಚಾರದ ಅಂಗಡಿಯಲ್ಲಿ ಗಂಗಾಳ ಕೇಳಿದರೆ ಆಕೆಯ ಮುಂದೆ ಬರುವುದು ಇಡೀ ಮನೆಗೆ ನೀರೊದಗಿಸುವ ಪಾತ್ರೆ. ಬೇಗಂ ಬಜಾರಿನ ಕಾಸಾರಹಟ್ಟದ ಹೆಸರಿನಲ್ಲಿ ಕಾಸಾರ, ಅಂದರೆ ನಮ್ಮ ಕಂಚುಗಾರ, ಇನ್ನೂ ಉಳಿದಿದ್ದಾನೆ. ಸಂಗ್ರಹದ ಪಟ್ಟಿಗಳಲ್ಲಿ ಹಿತ್ತಾಳೆಯ ಪಾತ್ರೆ, ದಖ್ಖನ್ ಎಂದಷ್ಟೇ ಬರೆದುಬಿಟ್ಟರೆ ಈ ಪದಗಳೆಲ್ಲ ಹೊರಗುಳಿಯುತ್ತವೆ.

ಕರ್ನಾಟಕದೊಳಗೆ ಇಂತಹ ಕೆಲಸಕ್ಕೆ ಮೇಲ್ಪಂಕ್ತಿಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ರೂಪಿಸಿದ ಹಸ್ತಶಿಲ್ಪದ ಮನೆಗಳ ಗ್ರಾಮ ಇವು ಸುಪರಿಚಿತ. ಇವು ನಾಡಿನ ಒಳಗಿನವು. ೧೯೫೬ರ ನವೆಂಬರ್ ೧ರಂದು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜಧಾನಿಯಲ್ಲೇ ಉಳಿದ ಕನ್ನಡ ಮನೆಗಳ ಸಾಮಗ್ರಿಯತ್ತ ಕೈಚಾಚಲು ಅವುಗಳಿಗೆ ಅವಕಾಶ ಕಡಿಮೆ. ಅದು ಹೊರನಾಡಿನಲ್ಲಿರುವ ನಮ್ಮ ನಿಮ್ಮಂಥವರ ಪಾಲಿಗೆ ಬಂದಿದೆ.

ಇದಕ್ಕೆ ಪಾತ್ರೆಗಳನ್ನು ಕೊಳ್ಳಬೇಕಾಗಿಲ್ಲ. ಕೊಂಡರೆ ಇಡುವ ಜಾಗವೂ ನಮ್ಮ ವಿಭಾಗಗಳಲ್ಲಿಲ್ಲ. ವಾರಕ್ಕೊಮ್ಮೆ ಗುಜರಿಗೆ ಹೋಗಿ, ತೂಕವಾಗುವ ಮುನ್ನ ಹೆಸರು, ಊರು, ಲಿಪಿ, ವರ್ಷ, ಪಾತ್ರೆಯ ಸ್ಥಳೀಯ ಹೆಸರು, ಸಿಕ್ಕ ಸ್ಥಳ ಇವನ್ನು ಬರೆದುಕೊಂಡು ಒಂದು ಛಾಯಾಚಿತ್ರ ತೆಗೆದುಕೊಂಡರೆ ಸಾಕು. ವರ್ಷವನ್ನು ಕಂಡಂತೆಯೇ ಬರೆಯಬೇಕು, ಕ್ರಿಸ್ತಶಕಕ್ಕೆ ತಿರುಗಿಸಿದ್ದನ್ನು ಬೇರೆ ಅಂಕಣದಲ್ಲಿ ಇಡಬೇಕು. ಅಕ್ಷರ ಸವೆದಿದ್ದರೆ ಹುಣಸೆಹಣ್ಣು ಹಚ್ಚಿ ಉಜ್ಜಬಾರದು. ಒಣಬಟ್ಟೆಯಿಂದ ಧೂಳು ಒರೆಸಿ, ಚಿಟಿಕೆ ಅಕ್ಕಿಹಿಟ್ಟನ್ನು ಬೆರಳಿನಿಂದ ಸವರಿ, ಪಾತ್ರೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚುಕ್ಕಿಗಳು ಬಿಳಿದಾಗಿ ಎದ್ದುಕಾಣುತ್ತವೆ.