ಬಸ್ಸಾರು

ಬಸ್ಸಾರು ದಕ್ಷಿಣ ಕರ್ನಾಟಕದ ಒಂದು ಸಾಂಪ್ರದಾಯಿಕ ಸಾರು. ಸೊಪ್ಪು, ಕಾಳು ಅಥವಾ ತರಕಾರಿಯನ್ನು ಬೇಯಿಸಿ, ಆ ನೀರನ್ನು ಬಸಿದುಕೊಂಡು, ಅದಕ್ಕೆ ಅರೆದ ಖಾರವನ್ನು ಸೇರಿಸಿ ಇದನ್ನು ತಯಾರಿಸುತ್ತಾರೆ. ಬಸಿದ ಮೇಲೆ ಉಳಿಯುವ ಸೊಪ್ಪು ಮತ್ತು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಲಾಗುತ್ತದೆ. ಹೀಗೆ ಒಂದೇ ಬೇಯಿಸುವಿಕೆಯಿಂದ ಸಾರು ಮತ್ತು ಪಲ್ಯ ಎರಡೂ ದೊರೆಯುವುದು ಈ ಅಡುಗೆಯ ಮುಖ್ಯ ಲಕ್ಷಣ. ಮಂಡ್ಯ, ಮೈಸೂರು, ಹಾಸನ, ರಾಮನಗರ, ತುಮಕೂರು, ಕೋಲಾರ ಹಾಗೂ ಬೆಂಗಳೂರಿನ ಸುತ್ತಲಿನ ಗ್ರಾಮಗಳಲ್ಲಿ ರಾಗಿಮುದ್ದೆಯೊಂದಿಗೆ ಇದನ್ನು ನಿತ್ಯದ ಊಟದಲ್ಲಿ ಬಳಸುತ್ತಾರೆ. ಮನೆಗಳಲ್ಲಿ ಇಷ್ಟು ವ್ಯಾಪಕವಾಗಿದ್ದರೂ ಬೆಂಗಳೂರಿನಂತಹ ಮಹಾನಗರದ ಹೋಟೆಲುಗಳಲ್ಲಿ ಕ್ರಮಬದ್ಧವಾಗಿ ತಯಾರಿಸಿದ ಬಸ್ಸಾರು ಅಪರೂಪ.

ಹೆಸರು

'ಬಸಿ' ಎಂಬ ಕ್ರಿಯಾಪದಕ್ಕೆ ಬೆಂದ ಪದಾರ್ಥದಿಂದ ನೀರನ್ನು ಸೋಸಿ ತೆಗೆಯುವುದು ಎಂಬ ಅರ್ಥವಿದೆ. 'ಬಸಿದ ಸಾರು' ಎಂಬುದು ಆಡುಮಾತಿನಲ್ಲಿ 'ಬಸ್ಸಾರು' ಆಗಿದೆ. ಇದೇ ಪ್ರದೇಶದ ಇನ್ನೆರಡು ಅಡುಗೆಗಳಾದ ಉಪ್ಪುಸಾರು ಮತ್ತು ಮಸ್ಸೊಪ್ಪುಗಳನ್ನು ಬಸ್ಸಾರಿನೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಉಪ್ಪುಸಾರಿನಲ್ಲಿ ಬಸಿದ ನೀರಿಗೆ ಉಪ್ಪನ್ನಷ್ಟೇ ಸೇರಿಸಿ, ಖಾರವನ್ನು ಪ್ರತ್ಯೇಕವಾಗಿ ಅರೆದು ತಟ್ಟೆಯ ಬದಿಗೆ ಬಡಿಸುತ್ತಾರೆ. ಉಣ್ಣುವವರು ತಮಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮಸ್ಸೊಪ್ಪಿನಲ್ಲಿ ಬೆಂದ ಸೊಪ್ಪು ಮತ್ತು ಬೇಳೆಯನ್ನು ಮಸೆದು ಗಟ್ಟಿಯಾದ ಸಾರನ್ನಾಗಿ ಮಾಡುತ್ತಾರೆ; ಅದರಲ್ಲಿ ಪಲ್ಯ ಉಳಿಯುವುದಿಲ್ಲ. ಬಸ್ಸಾರಿನಲ್ಲಿ ಖಾರವು ಸಾರಿನೊಳಗೇ ಕುದಿಯುತ್ತದೆ, ಪಲ್ಯವೂ ಉಳಿಯುತ್ತದೆ.

ಹಿನ್ನೆಲೆ

ಬಸ್ಸಾರು ಮಳೆಯಾಶ್ರಿತ ಬೇಸಾಯದ ಊಟ. ರಾಗಿ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಬಿತ್ತಿದ ಅವರೆ, ತೊಗರಿ, ಅಲಸಂದೆ ಮತ್ತು ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಸೊಪ್ಪುಗಳು ಇದರ ಮೂಲ ಸಾಮಗ್ರಿ. ರಾಗಿಯು ಈ ಸೀಮೆಯ ಜನಜೀವನದಲ್ಲಿ ಪಡೆದ ಸ್ಥಾನಕ್ಕೆ ಸಾಹಿತ್ಯದಲ್ಲಿಯೂ ಸಾಕ್ಷ್ಯವಿದೆ. ಕನಕದಾಸರ 'ರಾಮಧಾನ್ಯ ಚರಿತೆ'ಯು ರಾಗಿ ಮತ್ತು ಭತ್ತಗಳ ನಡುವಿನ ವಾದವನ್ನು ವಸ್ತುವಾಗಿ ಹೊಂದಿದ್ದು, ಅಲ್ಲಿ ರಾಗಿಯೇ ಮೇಲೆಂದು ತೀರ್ಮಾನವಾಗುತ್ತದೆ.

1911ರಲ್ಲಿ ನಿರ್ಮಾಣ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟು ಮತ್ತು ಅದರ ವಿಶ್ವೇಶ್ವರಯ್ಯ ನಾಲೆಯಿಂದಾಗಿ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಮದ್ದೂರು ಭಾಗಗಳಲ್ಲಿ ಭತ್ತ ಮತ್ತು ಕಬ್ಬು ಹರಡಿದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಹೇಮಾವತಿ ನದಿ ಹರಿಯುವ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿಯೂ ಸಕ್ಕರೆ ಕಾರ್ಖಾನೆ ಇದೆ. ನೀರಾವರಿಯಿಂದ ಅನ್ನದ ಬಳಕೆ ಹೆಚ್ಚಿದರೂ ಈ ಊರುಗಳಲ್ಲಿ ಮುದ್ದೆಯ ಊಟ ನಿಂತುಹೋಗಲಿಲ್ಲ. ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಖುಷ್ಕಿ ಜಮೀನುಗಳಲ್ಲಿ ರಾಗಿ ಇಂದಿಗೂ ಪ್ರಮುಖ ಬೆಳೆ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಸಂಕರಗೊಳಿಸಿ 'ಇಂಡಾಫ್' ಸರಣಿಯ ತಳಿಗಳನ್ನು ರೂಪಿಸಿದರು. ಇವು ರಾಗಿಯ ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದವು.

ಸಾಮಗ್ರಿಗಳು

ಬಸ್ಸಾರಿಗೆ ನಿಶ್ಚಿತವಾದ ಒಂದೇ ಸೊಪ್ಪು ಇಲ್ಲ. ಕಾಲಕ್ಕೆ ತಕ್ಕಂತೆ ಸಿಗುವುದನ್ನು ಬಳಸುವುದೇ ರೂಢಿ. ಹೆಚ್ಚಾಗಿ ಬಳಕೆಯಲ್ಲಿರುವ ಬಗೆಗಳು ಇವು:

• ದಂಟು, ಹರಿವೆ, ಕೀರೆ ಅಥವಾ ಸಬ್ಬಸಿಗೆ ಸೊಪ್ಪಿನೊಂದಿಗೆ ತೊಗರಿಬೇಳೆ
• ನುಗ್ಗೆಸೊಪ್ಪಿನೊಂದಿಗೆ ತೊಗರಿಬೇಳೆ ಅಥವಾ ಅಲಸಂದೆ ಕಾಳು
• ಬೆರಕೆ ಸೊಪ್ಪು, ಅಂದರೆ ಅಣ್ಣೆ, ಗೋಣಿ ಮೊದಲಾದ ಹೊಲದ ಸೊಪ್ಪುಗಳ ಮಿಶ್ರಣ
• ಹುರುಳಿಕಾಳು ಅಥವಾ ಮೊಳಕೆ ಕಟ್ಟಿದ ಹೆಸರುಕಾಳು
• ಚಳಿಗಾಲದಲ್ಲಿ ಹಸಿ ಅವರೆಕಾಳು
• ಹುರುಳಿಕಾಯಿ ಅಥವಾ ಎಲೆಕೋಸಿನೊಂದಿಗೆ ಕಾಳು
• ಬಾಳೆಹೂವಿನೊಂದಿಗೆ ಬೇಳೆ

ಖಾರಕ್ಕೆ ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅಥವಾ ಮನೆಯ ಸಾರಿನ ಪುಡಿ, ಜೀರಿಗೆ, ಕರಿಮೆಣಸು, ತೆಂಗಿನ ತುರಿ ಮತ್ತು ಹುಣಸೆಹಣ್ಣು ಬೇಕಾಗುತ್ತವೆ.

ತಯಾರಿಸುವ ವಿಧಾನ

ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ ಮೊದಲು ಬೇಳೆ ಅಥವಾ ಕಾಳನ್ನು ಹಾಕುತ್ತಾರೆ. ಕಾಳು ಮುಕ್ಕಾಲು ಭಾಗ ಬೆಂದ ಮೇಲೆ ಸೊಪ್ಪನ್ನು ಸೇರಿಸಿ ಉಪ್ಪು ಹಾಕುತ್ತಾರೆ. ಬೇಳೆಯು ಬೆಂದಿರಬೇಕು, ಆದರೆ ಒಡೆದು ಕರಗಬಾರದು. ಕರಗಿದರೆ ಸಾರು ಮಂದವಾಗುತ್ತದೆ ಮತ್ತು ಪಲ್ಯ ಮುದ್ದೆಯಾಗುತ್ತದೆ. ಪಾತ್ರೆಯ ಬಾಯಿಗೆ ತಟ್ಟೆಯನ್ನೋ ಸಿಬ್ಬಲನ್ನೋ ಒತ್ತಿ ಹಿಡಿದು ಬಾಗಿಸಿ ನೀರನ್ನು ಬೇರೆ ಪಾತ್ರೆಗೆ ಬಸಿಯುತ್ತಾರೆ. ಈ ನೀರಿಗೆ 'ಕಟ್ಟು' ಎಂಬ ಹೆಸರೂ ಇದೆ.

ಖಾರದ ಸಾಮಗ್ರಿಗಳನ್ನು ಸ್ವಲ್ಪ ಎಣ್ಣೆಯಲ್ಲಿ ಹುರಿದು ತೆಂಗಿನ ತುರಿಯೊಡನೆ ಅರೆಯುತ್ತಾರೆ. ಈರುಳ್ಳಿ ಮತ್ತು ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಡುವ ಕ್ರಮವೂ ಇತ್ತು. ಅರೆಯುವಾಗ ಬಸಿದ ಸೊಪ್ಪು ಮತ್ತು ಕಾಳಿನಿಂದ ಒಂದು ಹಿಡಿಯನ್ನು ಸೇರಿಸುವುದು ಮುಖ್ಯ. ತೆಳುವಾದ ಕಟ್ಟಿಗೆ ಮೈ ಕೊಡುವುದು ಈ ಒಂದು ಹಿಡಿಯೇ. ಅರೆದ ಖಾರವನ್ನು ಕಟ್ಟಿಗೆ ಬೆರೆಸಿ, ಹುಣಸೆರಸ ಹಾಕಿ ಚೆನ್ನಾಗಿ ಕುದಿಸಿ, ಸಾಸಿವೆ, ಕರಿಬೇವು ಮತ್ತು ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಉಳಿದ ಸೊಪ್ಪು ಮತ್ತು ಕಾಳನ್ನು ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆಯಲ್ಲಿ ಬಾಡಿಸಿ ಕಾಯಿತುರಿ ಉದುರಿಸಿದರೆ ಪಲ್ಯವಾಗುತ್ತದೆ.

ಮರುದಿನ ಮತ್ತೆ ಕುದಿಸಿದ ಬಸ್ಸಾರು ಹೆಚ್ಚು ರುಚಿಯೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಖಾರವು ಕಟ್ಟಿನಲ್ಲಿ ಪೂರ್ಣವಾಗಿ ಇಳಿಯುವುದೇ ಇದಕ್ಕೆ ಕಾರಣ.

ಊಟದ ಕ್ರಮ

ಬಸ್ಸಾರನ್ನು ಬಿಸಿ ಮುದ್ದೆಯೊಂದಿಗೆ ಉಣ್ಣುತ್ತಾರೆ. ಮಂಡ್ಯ ಸೀಮೆಯಲ್ಲಿ ಮುದ್ದೆಗೆ 'ಹಿಟ್ಟು' ಎಂದೇ ಹೆಸರು. ಮುದ್ದೆಯನ್ನು ಸಣ್ಣ ತುತ್ತುಗಳಾಗಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ರೂಢಿ. ಹೀಗೆ ನುಂಗಲು ಸಾರು ತೆಳುವಾಗಿರಬೇಕು. ನಡುನಡುವೆ ಅಗಿಯಲು ಪಲ್ಯ ಬೇಕು. ಬಸ್ಸಾರಿನ ತೆಳುವಿಗೂ ಅದರ ಜೊತೆಯ ಪಲ್ಯಕ್ಕೂ ಮುದ್ದೆಯ ಊಟದಲ್ಲಿ ಹೀಗೆ ನಿಶ್ಚಿತ ಸ್ಥಾನವಿದೆ.

ಪೌಷ್ಟಿಕತೆಯ ದೃಷ್ಟಿಯಿಂದಲೂ ಈ ಜೋಡಣೆ ಗಮನಾರ್ಹ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಮತ್ತು ಖನಿಜಗಳು ನಷ್ಟವಾಗುತ್ತವೆ. ಬಸ್ಸಾರಿನಲ್ಲಿ ಅದೇ ನೀರು ಸಾರಾಗುತ್ತದೆ.

ಬೆಂಗಳೂರಿನ ಹೋಟೆಲುಗಳಲ್ಲಿ

ಬೆಂಗಳೂರಿನ ಸಸ್ಯಾಹಾರಿ ಹೋಟೆಲುಗಳ ಪರಂಪರೆ ಬಹುಮಟ್ಟಿಗೆ ಕರಾವಳಿಯಿಂದ ಬಂದವರು ಕಟ್ಟಿದ್ದು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ ಮತ್ತು 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ ಇದರ ಪ್ರಸಿದ್ಧ ಉದಾಹರಣೆಗಳು. ಇಡ್ಲಿ, ದೋಸೆ ಹಾಗೂ ಅನ್ನ, ಸಾಂಬಾರುಗಳ ಈ ಪರಂಪರೆಯಲ್ಲಿ, 1980ರ ದಶಕದಿಂದ ಹರಡಿದ ದರ್ಶಿನಿಗಳಲ್ಲಿಯೂ, ಮುದ್ದೆ ಮತ್ತು ಬಸ್ಸಾರಿಗೆ ಹೆಚ್ಚಿನ ಸ್ಥಾನ ಸಿಗಲಿಲ್ಲ. ಇನ್ನೊಂದೆಡೆ ಮಿಲಿಟರಿ ಹೋಟೆಲುಗಳು ಮುದ್ದೆಯನ್ನು ನಗರದ ಹೋಟೆಲಿನ ಊಟವಾಗಿ ಉಳಿಸಿದವು. ಆದರೆ ಅಲ್ಲಿ ಮುದ್ದೆಯ ಜೊತೆ ಮಾಂಸದ ಸಾರು ಮುಖ್ಯ; ಸೊಪ್ಪಿನ ಸಾರು ಗೌಣ. ಹೀಗೆ ನಗರದ ಹೋಟೆಲುಗಳ ಎರಡು ದೊಡ್ಡ ಪರಂಪರೆಗಳ ನಡುವೆ ಬಸ್ಸಾರು ಮನೆಯಲ್ಲಿಯೇ ಉಳಿಯಿತು.

ಹಳೆ ಮೈಸೂರು ಸೀಮೆಯಿಂದ ಉದ್ಯೋಗಕ್ಕೆಂದು ನಗರಕ್ಕೆ ಬಂದವರು ಹೆಚ್ಚಿದಂತೆ 'ಮುದ್ದೆ ಊಟ', 'ಹಳ್ಳಿ ಊಟ', 'ಗೌಡರ ಮನೆ ಊಟ' ಎಂಬ ಫಲಕಗಳುಳ್ಳ ಮೆಸ್ಸುಗಳು ಕಾಣಿಸಿಕೊಂಡವು. ಬಸ್ಸಾರು ಸಿಗುವ ಸಂಭವ ಹೆಚ್ಚಾಗಿರುವುದು ಇಂತಹ ಸಣ್ಣ ಮೆಸ್ಸುಗಳಲ್ಲಿ, ಅದೂ ಮಧ್ಯಾಹ್ನದ ಹೊತ್ತಿನಲ್ಲಿ. ಹಲವು ಮನೆಗಳಲ್ಲಿ ಮಾಂಸ ವರ್ಜ್ಯವಾದ ಸೋಮವಾರ ಮತ್ತು ಶನಿವಾರಗಳಂದು ಸೊಪ್ಪಿನ ಸಾರಿಗೆ ಬೇಡಿಕೆ ಹೆಚ್ಚು. ಸರ್ಕಾರದ ಮಟ್ಟದಲ್ಲಿಯೂ, 2017ರ ಆಗಸ್ಟ್ 16ರಂದು ಆರಂಭವಾದ ಇಂದಿರಾ ಕ್ಯಾಂಟೀನುಗಳ ಆಹಾರಪಟ್ಟಿಗೆ ರಾಗಿಮುದ್ದೆ ಮತ್ತು ಸೊಪ್ಪಿನ ಸಾರನ್ನು ಸೇರಿಸುವ ಯೋಜನೆ ನಂತರದ ವರ್ಷಗಳಲ್ಲಿ ಪ್ರಕಟವಾಯಿತು.

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಪಟ್ಟಣಗಳಲ್ಲಿ ಮುದ್ದೆ ಊಟದ ಹೋಟೆಲುಗಳು ಪ್ರಯಾಣಿಕರನ್ನು ನೆಚ್ಚಿಕೊಂಡಿದ್ದವು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳನ್ನು ಬಳಸಿ ಹೋಗುವುದರಿಂದ ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರ ಕುಸಿಯಿತು.

ಅಪರೂಪವಾಗಲು ಕಾರಣಗಳು

ಬಸ್ಸಾರು ಹೋಟೆಲಿನ ಅಡುಗೆಯ ವ್ಯವಸ್ಥೆಗೆ ಸುಲಭವಾಗಿ ಹೊಂದುವುದಿಲ್ಲ. ಮೊದಲನೆಯದಾಗಿ, ಸೊಪ್ಪನ್ನು ಬಿಡಿಸಿ, ತೊಳೆದು, ಹೆಚ್ಚುವ ಶ್ರಮ ಹೆಚ್ಚು. ಎರಡನೆಯದಾಗಿ, ಸಾರು ಮತ್ತು ಪಲ್ಯದ ಪ್ರಮಾಣಗಳು ಒಂದಕ್ಕೊಂದು ಕಟ್ಟಿಕೊಂಡಿವೆ. ಹೋಟೆಲಿನಲ್ಲಿ ಸಾರನ್ನು ಮೂರು ನಾಲ್ಕು ಬಾರಿ ಬಡಿಸಬೇಕಾಗುತ್ತದೆ, ಪಲ್ಯ ಒಂದು ಸೌಟು ಸಾಕು. ಸಾರು ಹೆಚ್ಚು ಬೇಕೆಂದು ನೀರು ಹೆಚ್ಚಿಸಿದರೆ ಕಟ್ಟಿನ ಸತ್ವ ತೆಳುವಾಗುತ್ತದೆ. ಈ ತೊಡಕಿನಿಂದಾಗಿ ಸಾರನ್ನು ಬೇಳೆ ಮತ್ತು ಸಾಂಬಾರು ಪುಡಿಯಿಂದ ಬೇರೆಯಾಗಿ, ಪಲ್ಯವನ್ನು ಬೇರೆಯಾಗಿ ತಯಾರಿಸುವ ಪದ್ಧತಿ ಬಂದಿದೆ. ಹೆಸರು ಬಸ್ಸಾರು ಎಂದೇ ಇದ್ದರೂ ಅಲ್ಲಿ ಬಸಿಯುವ ಕ್ರಿಯೆ ಇರುವುದಿಲ್ಲ. ಮೂರನೆಯದಾಗಿ, ಕುಕ್ಕರಿನಲ್ಲಿ ಬೇಯಿಸಿದಾಗ ಬೇಳೆ ಕರಗಿ, ಬಸಿಯಲು ತಿಳಿಯಾದ ಕಟ್ಟು ಸಿಗುವುದಿಲ್ಲ.

ಹೊಲದಲ್ಲಿಯೂ ಬದಲಾವಣೆಗಳಾಗಿವೆ. ಕಳೆನಾಶಕಗಳ ಬಳಕೆ ಮತ್ತು ಏಕಬೆಳೆ ಪದ್ಧತಿಯಿಂದ ಬದುಗಳ ಬೆರಕೆ ಸೊಪ್ಪು ಕಡಿಮೆಯಾಗುತ್ತಿದೆ. ಯಾವ ಸೊಪ್ಪು ಉಣ್ಣಲು ಯೋಗ್ಯ, ಯಾವುದು ಎಷ್ಟು ಬೇಯಬೇಕು ಎಂಬ ಅರಿವು ಬಹುತೇಕ ಹಿರಿಯ ಹೆಣ್ಣುಮಕ್ಕಳಲ್ಲಿ ಬಾಯಿಮಾತಾಗಿ ಉಳಿದಿದ್ದು, ಮುಂದಿನ ತಲೆಮಾರಿಗೆ ಅದು ತಾನಾಗಿ ದಾಟುವುದು ಕಷ್ಟವಾಗಿದೆ.

ಗುರುತಿಸುವ ಲಕ್ಷಣಗಳು

ಕ್ರಮಬದ್ಧವಾದ ಬಸ್ಸಾರನ್ನು ಈ ಕೆಳಗಿನ ಲಕ್ಷಣಗಳಿಂದ ಗುರುತಿಸಬಹುದು:

• ಸಾರಿನ ಮತ್ತು ಪಲ್ಯದ ಸೊಪ್ಪು, ಕಾಳು ಒಂದೇ ಆಗಿರುತ್ತವೆ. ಹುರುಳಿಯ ಸಾರಿನ ಜೊತೆ ಬೇರೆ ತರಕಾರಿಯ ಪಲ್ಯ ಬಂದರೆ ಅದು ಬಸಿದದ್ದಲ್ಲ.
• ಸಾರು ತೆಳುವಾಗಿದ್ದು, ತರಕಾರಿ ಹೋಳುಗಳಿರುವುದಿಲ್ಲ. ತಳದಲ್ಲಿ ಅರೆದ ಖಾರ ಮಾತ್ರ ನಿಂತಿರುತ್ತದೆ.
• ಬೆಳ್ಳುಳ್ಳಿ ಮತ್ತು ಹುರಿದ ಈರುಳ್ಳಿಯ ಪರಿಮಳ ಮುಂದಾಗಿರುತ್ತದೆ. ಸಾಮಾನ್ಯವಾಗಿ ಬೆಲ್ಲ ಹಾಕುವುದಿಲ್ಲ.
• ಸೊಪ್ಪು ದಿನದಿಂದ ದಿನಕ್ಕೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ.

ಹೋಲಿಕೆಯುಳ್ಳ ಅಡುಗೆಗಳು

ಯುಗಾದಿಯಂದು ಒಬ್ಬಟ್ಟಿಗೆ ಬೇಯಿಸಿದ ಬೇಳೆಯ ಕಟ್ಟಿನಿಂದ ಮಾಡುವ ಒಬ್ಬಟ್ಟಿನ ಸಾರು ಮತ್ತು ಮಹಾರಾಷ್ಟ್ರದ ಕಟಾಚಿ ಆಮಟಿ ಇದೇ ತತ್ವದವು. ಒಬ್ಬಟ್ಟಿನ ಸಾರು ಹಬ್ಬದ್ದು, ಬಸ್ಸಾರು ನಿತ್ಯದ್ದು.

ಅಮೆರಿಕದ ಲೂಯಿಸಿಯಾನ ರಾಜ್ಯದ ಕ್ರಿಯೋಲ್ ಮತ್ತು ಕೇಜನ್ ಸಮುದಾಯಗಳ ಗಂಬೊ ಎಂಬ ಸಾರಿನಲ್ಲಿ 'ಗಂಬೊ ಜೆರ್ಬ್' ಎಂಬ ಸೊಪ್ಪಿನ ಬಗೆಯಿದೆ. ಹಲವು ಸೊಪ್ಪುಗಳನ್ನು ಒಟ್ಟಿಗೆ ಬೇಯಿಸಿ, ಆ ನೀರನ್ನೇ ಸಾರಿಗೆ ಬಳಸುವ ಕ್ರಮ ಅಲ್ಲಿಯೂ ಇದೆ. ಬಸ್ಸಾರಿನಂತಲ್ಲದೆ ಅದರಲ್ಲಿ ಸೊಪ್ಪನ್ನು ಅರೆದು ಸಾರಿಗೇ ಸೇರಿಸುತ್ತಾರೆ; ಮಾಂಸವನ್ನು ಬಳಸುವುದೂ ಉಂಟು. ನ್ಯೂ ಆರ್ಲಿಯನ್ಸ್ ನಗರದ ಹೋಟೆಲಿನಲ್ಲಿ ಲಿಯಾ ಚೇಸ್ (1923–2019) ಅವರು ಇದನ್ನು ಪ್ರತಿವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದಂದು ಬಡಿಸುತ್ತಿದ್ದರು. ಮನೆಯ ಸೊಪ್ಪಿನ ಸಾರೊಂದು ನಿಗದಿತ ದಿನದ ಅಡುಗೆಯಾಗಿ ಮಹಾನಗರದ ಹೋಟೆಲಿನಲ್ಲಿ ಉಳಿದುದಕ್ಕೆ ಇದು ನಿದರ್ಶನ. ಬೆಂಗಳೂರಿನಲ್ಲಿ ಇದಕ್ಕೆ ಹತ್ತಿರವಾದುದು ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿ ಚಳಿಗಾಲದಲ್ಲಿ ನಡೆಯುತ್ತ ಬಂದ ಅವರೆಕಾಯಿ ಮೇಳ. ಅಲ್ಲಿ ಅವರೆಯ ತಿನಿಸುಗಳಿಗಾಗಿ ಜನ ಋತುವನ್ನು ಕಾಯುತ್ತಾರೆ.

ಇವನ್ನೂ ನೋಡಿ

• ರಾಗಿಮುದ್ದೆ
• ಉಪ್ಪುಸಾರು
• ಮಸ್ಸೊಪ್ಪು
• ಮಿಲಿಟರಿ ಹೋಟೆಲ್
• ಕರ್ನಾಟಕದ ಅಡುಗೆ